ತೊರೆದವನು ದೇವರಲ್ಲ
ಅಮೆರಿಕದ ಟ್ರಾಯ್ ಪೆರಿ ಎಳೆಯ ವಯಸ್ಸಿನಲ್ಲಿಯೇ ಕ್ರೈಸ್ತ ಬೋಧಕರಾದವರು. ಸಲಿಂಗಾಸಕ್ತರೆಂಬ ಕಾರಣಕ್ಕೆ ಅವರ ಸಭೆಯು ಅವರನ್ನು ಬೋಧಕ ಪದವಿಯಿಂದ ಹೊರಹಾಕಿತು. ದೇವರಿಗೂ ತಾವು ಬೇಡವಾದೆವೆಂಬ ನಿರಾಸೆ ಅವರನ್ನು ಆವರಿಸಿತು. ಮುಂದೆ ಪ್ರೀತಿಯೊಂದು ಮುರಿದಾಗ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಬದುಕುಳಿದು ಮತ್ತೆ ಪ್ರಾರ್ಥಿಸಿದಾಗ, ತಮ್ಮನ್ನು ತೊರೆದದ್ದು ಸಭೆಯೇ ಹೊರತು ದೇವರಲ್ಲ ಎಂಬ ಅರಿವು ಮೂಡಿತು.

1968ರ ಅಕ್ಟೋಬರ್ 6ರಂದು ಲಾಸ್ ಏಂಜಲೀಸ್ ಬಳಿಯ ತಮ್ಮ ಮನೆಯಲ್ಲಿಯೇ ಆರಾಧನೆ ನಡೆಸಿದರು. ಬಂದವರು 12 ಮಂದಿ. ಅದೇ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚಿನ ಆರಂಭ. ಸಲಿಂಗಾಸಕ್ತರೂ ಉಭಯಲಿಂಗಾಸಕ್ತರೂ ಅಲ್ಲಿ ಮುಚ್ಚುಮರೆಯಿಲ್ಲದೆ ಪ್ರಾರ್ಥಿಸಿದರು. 1973ರ ಜನವರಿಯಲ್ಲಿ ಅವರ ಮಂದಿರ ಬೆಂಕಿಗೆ ಆಹುತಿಯಾಯಿತು, ಆರಾಧನೆ ನಿಲ್ಲಲಿಲ್ಲ.

ಸ್ವಭಾವವನ್ನು ಮರೆಮಾಚದೆ ದೇವರ ಮುಂದೆ ನಿಲ್ಲುವುದೂ ಭಕ್ತಿಯೇ ಎಂಬುದನ್ನು ಅವರು ಬಾಳಿ ತೋರಿದರು.