ಚಾಲಕರಹಿತ ನೌಕಾವಿಮಾನ : ಒಂದು ಐತಿಹಾಸಿಕ ವಿವೇಚನೆ

2013ನೆಯ ಇಸವಿ ಜುಲೈ 10ರಂದು, ಅಮೆರಿಕದ ವರ್ಜೀನಿಯಾ ಕರಾವಳಿಯಾಚೆಯ ಕಡಲಿನಲ್ಲಿ, ಜಾರ್ಜ್ ಎಚ್. ಡಬ್ಲ್ಯು. ಬುಷ್ ಎಂಬ ವಿಮಾನವಾಹಕ ನೌಕೆಯ ಮೇಲೆ ಚಾಲಕನಿಲ್ಲದ ವಿಮಾನವೊಂದು ಬಂದಿಳಿಯಿತು. ಎಕ್ಸ್-47ಬಿ ಎಂಬುದು ಅದರ ಹೆಸರು. ಇತಿಹಾಸದಲ್ಲಿಯೇ ಇದು ಪ್ರಥಮವೆಂದು ಅಂದಿನ ಪ್ರಕಟಣೆಗಳು ಸಾರಿದವು. ‘ಪ್ರಥಮ’ ಎಂಬ ಮಾತು ಬಂದೆಡೆಯಲ್ಲೆಲ್ಲ ಚರಿತ್ರಕಾರನು ಕ್ಷಣಕಾಲ ನಿಂತು, ಯಾವ ಅರ್ಥದಲ್ಲಿ ಪ್ರಥಮ ಎಂದು ಕೇಳಬೇಕಾಗುತ್ತದೆ. ಶಾಸನವೊಂದರ ಬಿರುದಾವಳಿಯನ್ನು ಓದುವಾಗ ನಾವು ವಹಿಸುವ ಎಚ್ಚರವನ್ನು ಸೇನಾ ಇಲಾಖೆಗಳ ಪ್ರಕಟಣೆಗಳನ್ನು ಓದುವಾಗಲೂ ವಹಿಸುವುದು ಯುಕ್ತ.

ಚಾಲಕನಿಲ್ಲದ ಯುದ್ಧವಿಮಾನವು ನಮ್ಮ ಶತಮಾನದ ಸೃಷ್ಟಿಯಲ್ಲ. 1944ರಲ್ಲಿಯೇ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ನೌಕಾಪಡೆಯು ಟಿಡಿಆರ್-1 ಎಂಬ ಚಾಲಕರಹಿತ ವಿಮಾನಗಳನ್ನು ಜಪಾನೀಯರ ನೆಲೆಗಳ ಮೇಲೆ ಪ್ರಯೋಗಿಸಿತ್ತು. ಅವುಗಳ ಮೂತಿಯಲ್ಲಿ ಟೆಲಿವಿಷನ್ ಕ್ಯಾಮರಾ ಇದ್ದಿತು. ಹಿಂದೆ ದೂರದಲ್ಲಿ ಹಾರುತ್ತಿದ್ದ ಇನ್ನೊಂದು ವಿಮಾನದಲ್ಲಿ ಕುಳಿತವನು ತೆರೆಯನ್ನು ನೋಡುತ್ತ ಅವನ್ನು ನಡೆಸುತ್ತಿದ್ದನು. ಅವು ನೆಲದಿಂದ ಹೊರಟವು ಎನ್ನಬಹುದಷ್ಟೆ. ಆದರೆ 1952ರ ಆಗಸ್ಟ್ 28ರಂದು, ಕೊರಿಯಾ ಯುದ್ಧದ ಕಾಲದಲ್ಲಿ, ಬಾಕ್ಸರ್ ಎಂಬ ವಿಮಾನವಾಹಕ ನೌಕೆಯ ಮೇಲಿಂದಲೇ ಬಾಂಬು ಹೊತ್ತ ಚಾಲಕರಹಿತ ಹೆಲ್‌ಕ್ಯಾಟ್ ವಿಮಾನವೊಂದನ್ನು ಹುಂಗ್ನಾಮಿನ ರೈಲು ಸೇತುವೆಯ ಕಡೆಗೆ ಕಳುಹಿಸಲಾಯಿತು. ಮುಂದಿನ ಕೆಲವು ದಿನಗಳಲ್ಲಿ ಇಂಥವು ಒಟ್ಟು ಆರು ಹೊರಟವು. ಆದುದರಿಂದ ನೌಕೆಯಿಂದ ಹೊರಡುವುದರಲ್ಲಿ ಎಕ್ಸ್-47ಬಿ ಪ್ರಥಮವಲ್ಲ. ತಾನಾಗಿಯೇ ಇಳಿಯುವುದರಲ್ಲಿಯೂ ಅಲ್ಲ. 1957ರ ಆಗಸ್ಟ್ 12ರಂದು ಆಂಟಿಟಮ್ ನೌಕೆಯ ಮೇಲೆ, ಚಾಲಕನು ಕೈಯಾಡಿಸದೆಯೇ ವಿಮಾನವೊಂದು ಸ್ವಯಂಚಾಲಿತ ವ್ಯವಸ್ಥೆಯ ನೆರವಿನಿಂದ ಇಳಿದಿತ್ತು.

ಹಾಗಾದರೆ ಉಳಿದುದೇನು? ಬಾಕ್ಸರ್ ನೌಕೆಯಿಂದ ಹೊರಟವು ಮರಳಬೇಕಾದವುಗಳಲ್ಲ. ಗುರಿಯ ಮೇಲೆ ಬಿದ್ದು ನಾಶವಾಗುವುದೇ ಅವುಗಳ ಕೆಲಸವಾಗಿದ್ದಿತು. ಆಂಟಿಟಮ್‌ನಲ್ಲಿ ಇಳಿದ ವಿಮಾನದೊಳಗೆ ಮನುಷ್ಯನಿದ್ದನು. ಯಂತ್ರ ತಪ್ಪಿದರೆ ತಿದ್ದಲು ಅವನ ಕೈ ಸಿದ್ಧವಾಗಿದ್ದಿತು. ಒಳಗೆ ಯಾರೂ ಇಲ್ಲದ ಯುದ್ಧವಿಮಾನವು ಹೊರಟು, ಹಾರಿ, ಅದೇ ನೌಕೆಗೆ ಮರಳಿ ಬರುವ ಶಕ್ತಿಯನ್ನು ಪಡೆಯುವುದು, ಇದೇ ಹೊಸ ಸಂಗತಿ.

ಮರಳಿ ಬರುವುದು ಎಷ್ಟು ಕಠಿಣವೆಂಬುದನ್ನು ನೌಕಾವಿಮಾನಯಾನದ ಆರಂಭಕಾಲವೇ ತಿಳಿಸುತ್ತದೆ. ಯೂಜೀನ್ ಈಲಿ ಎಂಬ ಸಾಹಸಿಯು 1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾ ಎಂಬ ಹಡಗಿನ ಮೇಲೆ ಇಳಿದಾಗ, ಅಡ್ಡಲಾಗಿ ಬಿಗಿದ ಹಗ್ಗಗಳ ಎರಡು ತುದಿಗಳಿಗೂ ಮರಳಿನ ಚೀಲಗಳನ್ನು ಕಟ್ಟಿದ್ದರು. ವಿಮಾನದ ಕೊಕ್ಕೆಗಳು ಆ ಹಗ್ಗಗಳಿಗೆ ಸಿಕ್ಕಿ ಅದು ನಿಂತಿತು. ಆ ಹಡಗು ಲಂಗರು ಹಾಕಿ ನಿಂತಿದ್ದಿತು. ಇಂದಿನ ನೌಕೆಯಾದರೋ ಮುಂದೆ ಸಾಗುತ್ತಿರುತ್ತದೆ, ಅಲೆಗೆ ಏಳುತ್ತ ಬೀಳುತ್ತಿರುತ್ತದೆ. ಕೊಕ್ಕೆ ಮತ್ತು ಹಗ್ಗದ ತತ್ತ್ವ ಮಾತ್ರ ಬದಲಾಗಿಲ್ಲ; ಮರಳಿನ ಚೀಲ ಹೋಗಿ ಉಕ್ಕಿನ ಹಗ್ಗವನ್ನು ತಡೆಹಿಡಿಯುವ ಯಂತ್ರ ಬಂದಿದೆ. ಸುಮಾರು 62 ಅಡಿ ರೆಕ್ಕೆಯಗಲದ, ಬಾಲವಿಲ್ಲದ ಎಕ್ಸ್-47ಬಿಯನ್ನು ದೂರದಿಂದ ಕೈಗೋಲು ಹಿಡಿದು ಯಾರೂ ನಡೆಸುತ್ತಿರಲಿಲ್ಲ. ಉಪಗ್ರಹಗಳಿಂದ ಬರುವ ಸೂಚನೆಗಳ ನೆರವಿನಿಂದ ತನ್ನ ಸ್ಥಾನವನ್ನೂ ನೌಕೆಯ ಸ್ಥಾನವನ್ನೂ ಅದು ಹೋಲಿಸಿಕೊಳ್ಳುತ್ತಿದ್ದಿತು. ಮನುಷ್ಯನು ಆಜ್ಞೆ ಕೊಟ್ಟು ಪರಿವೀಕ್ಷಿಸುತ್ತಿದ್ದನು.

ಅಂದು ಅದು ಎರಡು ಬಾರಿ ಯಶಸ್ವಿಯಾಗಿ ಇಳಿಯಿತು. ಮೂರನೆಯ ಬಾರಿ ಇಳಿಯಲಿಲ್ಲ. ನೌಕೆಯ ಕಡೆಗೆ ಬರುತ್ತಿದ್ದಂತೆಯೇ ತನ್ನ ಮಾರ್ಗದರ್ಶಕ ಗಣಕಯಂತ್ರಗಳಲ್ಲೊಂದು ಕೆಟ್ಟಿರುವುದನ್ನು ತಾನೇ ಕಂಡುಕೊಂಡಿತು. ಬಳಿಕ ದಡದ ಮೇಲಿನ ವಾಲಪ್ಸ್ ದ್ವೀಪದ ವಿಮಾನ ನಿಲ್ದಾಣಕ್ಕೆ ತಿರುಗಿ ಅಲ್ಲಿ ಸುರಕ್ಷಿತವಾಗಿ ಇಳಿಯಿತು. ಆ ದಿನದ ಎರಡು ಯಶಸ್ಸುಗಳಿಗಿಂತ ಈ ಮೂರನೆಯ ಸಂಗತಿಯೇ ನಮಗೆ ಹೆಚ್ಚು ಮಹತ್ತ್ವದ್ದಾಗಿ ತೋರುತ್ತದೆ. ತನ್ನ ದೋಷವನ್ನು ತಾನೇ ಅರಿಯಲಾರದ ಯಂತ್ರವನ್ನು ಸಾವಿರಾರು ಜನರಿರುವ ಹಡಗಿನ ಮೇಲೆ ಇಳಿಸಲು ಯಾವ ನಾಯಕನು ತಾನೇ ಒಪ್ಪುವನು?

ಈ ಯೋಜನೆಯ ಪೂರ್ವಚರಿತ್ರೆ ಸಂಕ್ಷೇಪವಾಗಿ ಹೀಗಿದೆ. ಇದರ ಪೂರ್ವರೂಪವಾದ ಎಕ್ಸ್-47ಎ 2003ರಲ್ಲಿ ಹಾರಿತು. ವಾಯುಪಡೆ ಮತ್ತು ನೌಕಾಪಡೆಗಳ ಸಂಯುಕ್ತ ಯೋಜನೆಯು 2006ರಲ್ಲಿ ಮುರಿದುಬಿದ್ದಿತು. ನೌಕಾಪಡೆಯು 2007ರಲ್ಲಿ ನಾರ್ತ್‌ರಾಪ್ ಗ್ರಮನ್ ಸಂಸ್ಥೆಗೆ ಪ್ರತ್ಯೇಕವಾಗಿ ಕೆಲಸ ಒಪ್ಪಿಸಿತು. 2011ರ ಫೆಬ್ರವರಿ 4ರಂದು ಎಕ್ಸ್-47ಬಿ ಮೊದಲು ಹಾರಿತು.

ಮರಳುವುದರೊಡನೆ ಇಂಧನದ ಪ್ರಶ್ನೆಯೂ ಬೆಸೆದುಕೊಂಡಿದೆ. ದೂರಗಾಮಿಯಾದ ಎ-6 ಇಂಟ್ರೂಡರ್ ವಿಮಾನವು 1997ರಲ್ಲಿ ನಿವೃತ್ತವಾದ ಬಳಿಕ ಅಮೆರಿಕದ ವಿಮಾನವಾಹಕ ನೌಕೆಗಳ ದಾಳಿಯ ವ್ಯಾಪ್ತಿ ಕುಗ್ಗಿತು. ಆಕಾಶದಲ್ಲಿ ಇಂಧನ ತುಂಬಿಸುವ ಕೆಲಸವೂ ಕ್ರಮೇಣ ಸೂಪರ್ ಹಾರ್ನೆಟ್ ಎಂಬ ಯುದ್ಧವಿಮಾನಗಳ ಪಾಲಿಗೇ ಬಂದಿತು. ಯೋಧನು ತನ್ನ ಅಂಬನ್ನು ಬದಿಗಿಟ್ಟು ಜೊತೆಯವರಿಗೆ ನೀರು ಹೊರುವಂತಾಯಿತು! 1923ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಇಳಿಬಿಟ್ಟ ಕೊಳವೆಯನ್ನು ಕೈಯಿಂದಲೇ ಹಿಡಿದು ಇಂಧನ ತುಂಬಿಸಿದ್ದರು. 2015ರ ಏಪ್ರಿಲ್ 22ರಂದು ಎಕ್ಸ್-47ಬಿಯು ಚೆಸಾಪೀಕ್ ಕೊಲ್ಲಿಯ ಮೇಲೆ ಹಾರುತ್ತ, ಇಂಧನ ವಿಮಾನದ ಹಿಂದೆ ತೇಲುತ್ತಿದ್ದ ಬುಟ್ಟಿಯಾಕಾರದ ಬಾಯಿಗೆ ತನ್ನ ಕೊಳವೆಯನ್ನು ತಾನೇ ಜೋಡಿಸಿಕೊಂಡು 4,000 ಪೌಂಡಿಗೂ ಹೆಚ್ಚು ಇಂಧನವನ್ನು ಪಡೆಯಿತು. ಚಾಲಕನಿಗೆ ನಿದ್ರೆ ಬೇಕು, ವಿಶ್ರಾಂತಿ ಬೇಕು. ಚಾಲಕನಿಲ್ಲದ ವಿಮಾನಕ್ಕೆ ಇಂಧನ ದೊರೆತರೆ ಸಾಕು. ಅಂದಿನ ಪ್ರಯೋಗದ ಅರ್ಥವಿದು.

ಆದರೆ ಈ ಸಾಧನೆಯ ಹೊತ್ತಿಗೇ ಅದರ ಉದ್ದೇಶದ ಬಗೆಗೆ ವಿವಾದವೆದ್ದಿತು. ಮುಂದಿನ ವಿಮಾನವು ರಕ್ಷಣೆಯುಳ್ಳ ಶತ್ರುಪ್ರದೇಶದೊಳಕ್ಕೆ ನುಗ್ಗಿ ದಾಳಿ ಮಾಡಬೇಕೋ, ನೌಕೆಯ ಸುತ್ತ ಕಾವಲು ತಿರುಗಬೇಕೋ? ಸೆನೆಟ್ಟಿನ ಸೇನಾಸಮಿತಿಯ ಅಧ್ಯಕ್ಷ ಜಾನ್ ಮೆಕೇನ್ 2015ರಲ್ಲಿ ದಾಳಿಯ ಪಕ್ಷವನ್ನು ಹಿಡಿದರು. ಅವರು ಸ್ವತಃ ನೌಕಾವಿಮಾನ ಚಾಲಕರಾಗಿದ್ದವರು ಎಂಬುದು ಗಮನಾರ್ಹ. 2016ರ ಫೆಬ್ರವರಿಯಲ್ಲಿ ನೌಕಾಪಡೆಯು ಎರಡು ಪಕ್ಷಗಳನ್ನೂ ಬಿಟ್ಟು, ಪ್ರಧಾನವಾಗಿ ಇಂಧನ ಹೊರುವ ವಿಮಾನವನ್ನು ಕಟ್ಟಿಸುವುದಾಗಿ ತಿಳಿಸಿತು. ಇದು ಹಿಂಜರಿಕೆಯೆಂದು ಕೆಲವರೆಂದರು. ನಮಗೆ ಈ ಅಭಿಪ್ರಾಯ ಅರ್ಧ ಮಾತ್ರ ಸರಿಯೆನ್ನಿಸುತ್ತದೆ. ಸೂಪರ್ ಹಾರ್ನೆಟ್‌ಗಳ ಹೊರೆಯನ್ನು ಇಳಿಸುವ ಅಗತ್ಯ ನಿಜವಾದುದೇ ಆಗಿದ್ದಿತು. ಆದರೆ ಶಸ್ತ್ರವನ್ನು ಮನುಷ್ಯನಿಲ್ಲದ ಯಂತ್ರಕ್ಕೆ ಒಪ್ಪಿಸುವ ಪ್ರಶ್ನೆ ಇದರಿಂದ ಬಗೆಹರಿಯಲಿಲ್ಲ, ಮುಂದಕ್ಕೆ ಹೋಯಿತು. ಎಕ್ಸ್-47ಬಿಯ ಶಸ್ತ್ರಾಗಾರವು ಕೊನೆಯವರೆಗೂ ಬರಿದಾಗಿಯೇ ಉಳಿಯಿತು.

2018ರ ಆಗಸ್ಟ್ 30ರಂದು ಬೋಯಿಂಗ್ ಸಂಸ್ಥೆಗೆ ಎಂಕ್ಯೂ-25 ಎಂಬ ಹೊಸ ವಿಮಾನದ ಕೆಲಸ ದೊರೆಯಿತು. ಎಕ್ಸ್-47ಬಿಯನ್ನು ಕಟ್ಟಿದವರು ಅದಕ್ಕೆ ಮುಂಚೆಯೇ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. 2021ರ ಜೂನ್ 4ರಂದು ಅದರ ಪರೀಕ್ಷಾವಿಮಾನವು ಚಾಲಕನಿದ್ದ ಸೂಪರ್ ಹಾರ್ನೆಟ್ ಒಂದಕ್ಕೆ ಆಕಾಶದಲ್ಲಿ ಇಂಧನವನ್ನು ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಪರೀಕ್ಷಾವಿಮಾನವನ್ನು ನೌಕೆಯೊಂದರ ಮೇಲೆ ತಂದು, ಅದರ ಹಾಸಿನ ಮೇಲೆ ಓಡಾಡಿಸಿ ನೋಡಿದರು; ಹಾರಿಸಲಿಲ್ಲ, ಇಳಿಸಲೂ ಇಲ್ಲ. ಆ ನೌಕೆ, ಎಂಟು ವರ್ಷಗಳ ಹಿಂದೆ ಎಕ್ಸ್-47ಬಿ ಬಂದಿಳಿದಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್.