ಮರುಭೇಟಿಯ ಶುಲ್ಕ ಯಾರ ಹೊಣೆ?

ಪಾಮನಕಲ್ಲೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನವು ಅಶೋಕನ ಹೆಸರನ್ನೇ ಹೊತ್ತಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಆ ಅರಸನು ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರವಾದರೋ, ಚಿಕಿತ್ಸಾದೋಷದಿಂದ ರೋಗಿ ಮಡಿದರೆ ವೈದ್ಯನಿಗೆ ಮಧ್ಯಮ ದಂಡವನ್ನು ವಿಧಿಸುತ್ತದೆ. ದಂಡವೆಂಬುದು ಅರಸನಿಗೆ ಸಲ್ಲತಕ್ಕದ್ದು. ರೋಗಿ ತೆತ್ತ ಹಣ ಅದರಿಂದ ಮರಳದು.

ರೋಗಿಗೇ ಪರಿಹಾರ ದೊರೆಯುವ ಸುಲಭ ಮಾರ್ಗವನ್ನು ತೆರೆದುದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಶುಲ್ಕ ಪಡೆದು ನೀಡುವ ಚಿಕಿತ್ಸೆಯೂ ಅದರ ವ್ಯಾಪ್ತಿಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರ ನವೆಂಬರ್ 13ರಂದು ತೀರ್ಪಿತ್ತಿತು. ಎಲ್ಲರಿಗೂ ಉಚಿತ ಸೇವೆ ನೀಡುವ ಆಸ್ಪತ್ರೆಗಳು ಹೊರಗುಳಿದವು. 2019ರ ಕಾಯ್ದೆ ಹಳೆಯದರ ಸ್ಥಾನಕ್ಕೆ ಬಂದಿತು. ಇದರ ನಡುವೆ 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ನಿರ್ಣಯದ ತಪ್ಪೆಲ್ಲವೂ ನಿರ್ಲಕ್ಷ್ಯವಲ್ಲವೆಂದು ಅದೇ ನ್ಯಾಯಾಲಯವು ಸ್ಪಷ್ಟಪಡಿಸಿತ್ತು.

ಹಾಗಾದರೆ, ನಿರ್ಲಕ್ಷ್ಯವಿಲ್ಲದೆಯೇ ರೋಗವನ್ನು ತಪ್ಪಾಗಿ ಗುರುತಿಸಿದಾಗ, ಕೂಲಿಕಾರನು ದಿನಗೂಲಿ ಬಿಟ್ಟು ಮತ್ತೆ ಮತ್ತೆ ಹೋಗಿ ತೆರುವ ಶುಲ್ಕದ ಗತಿಯೇನು? ಕಾನೂನು ಸಾಮಾನ್ಯವಾಗಿ ಅದನ್ನು ಕೊಡಿಸದು. ವೈದ್ಯನು ತನ್ನ ಶ್ರಮಕ್ಕೆ ಪಡೆದ ಮೊದಲ ಶುಲ್ಕ ನ್ಯಾಯವೇ ಸರಿ. ಆದರೆ ತಪ್ಪು ತಿಳಿದ ಮೇಲೂ ಅದನ್ನು ಮರೆಮಾಚಿ ಪುನಃ ಹಣ ಪಡೆಯುವುದು, ತೂಕ ಕಡಿಮೆಯೆಂದು ಗೊತ್ತಾದ ಬಳಿಕವೂ ಉಳಿದ ಧಾನ್ಯಕ್ಕೆ ಬೇರೆ ಬೆಲೆ ಕೇಳಿದಂತೆ. ತಪ್ಪನ್ನು ರೋಗಿಗೆ ತಿಳಿಸಿ ಮರುಭೇಟಿಯ ಶುಲ್ಕವನ್ನು ಬಿಟ್ಟುಕೊಡುವವನು ಋಣವನ್ನು ತೀರಿಸುತ್ತಾನೆ. ಅದನ್ನು ದಾನವೆಂದು ಬರೆದುಕೊಳ್ಳಬೇಕಿಲ್ಲ.