ಓಲೆಯಿಂದ ಪರದೆಗೆ: ನಿಘಂಟು ಉಳಿಯುವ ಬಗೆ

“ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ನಿಘಂಟು ಇರುವಾಗ, ಗೋಡೆಯುದ್ದಕ್ಕೂ ಎಂಟು ದಪ್ಪ ಸಂಪುಟಗಳನ್ನು ಜೋಡಿಸಿಟ್ಟು ಧೂಳು ಕೂಡಿಸುವುದೇಕೆ?” ಅಧ್ಯಾಪಕರ ಕೊಠಡಿಗಳಲ್ಲಿ ಈಚೆಗೆ ಆಗಾಗ ಕೇಳಿಬರುವ ಪ್ರಶ್ನೆ ಇದು. ಕೇಳುವವರು ಪುಸ್ತಕದ ಶತ್ರುಗಳೇನೂ ಅಲ್ಲ. ಜಾಗದ ಅಭಾವ ನಿಜ. ಹುಡುಗರು ಆ ಸಂಪುಟಗಳನ್ನು ಮುಟ್ಟುವುದಿಲ್ಲವೆಂಬುದೂ ನಿಜ. ನಾನು ಬಲ್ಲ ಒಂದು ಗ್ರಂಥಾಲಯದಲ್ಲಿ ಪ್ರಶ್ನೆ ಚರ್ಚೆಯ ಹಂತವನ್ನು ದಾಟಿ, ಪರಾಮರ್ಶನ ಗ್ರಂಥಗಳೆಲ್ಲ ಮೆಟ್ಟಿಲ ಕೆಳಗಿನ ಕತ್ತಲೆಕೋಣೆಯನ್ನು ಸೇರಿವೆ. ಅವುಗಳ ಜಾಗದಲ್ಲಿ ನಾಲ್ಕು ಗಣಕಯಂತ್ರಗಳು ಕುಳಿತಿವೆ. ಇದು ಲಾಭವೋ ನಷ್ಟವೋ ಎಂದು ತೀರ್ಪು ಕೊಡುವ ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿ ನೋಡುವುದು ಒಳ್ಳೆಯದು. ಏಕೆಂದರೆ ಕನ್ನಡ ನಿಘಂಟು ಮನೆ ಬದಲಾಯಿಸುತ್ತಿರುವುದು ಇದೇ ಮೊದಲಲ್ಲ.

ನಮ್ಮ ಹಳೆಯ ನಿಘಂಟುಗಳು ಪದ್ಯದಲ್ಲಿದ್ದವು. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿರುವ ‘ರನ್ನಕಂದ’, ನಾಗವರ್ಮನ ‘ಅಭಿಧಾನ ವಸ್ತುಕೋಶ’, 1398ರ ಮಂಗರಾಜನ ನಿಘಂಟು, ಹದಿನಾರನೆಯ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’, ಇವೆಲ್ಲ ಕಂದ, ವೃತ್ತ, ಷಟ್ಪದಿಗಳಲ್ಲಿ ಹೆಣೆದವು. ಅರ್ಥಕೋಶಕ್ಕೆ ಛಂದಸ್ಸು ಏಕೆ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಕಾರಣ ಸರಳವಾಗಿದೆ: ಆ ಕಾಲದ ನಿಘಂಟಿನ ನಿಜವಾದ ಮನೆ ಓಲೆಯ ಕಟ್ಟಲ್ಲ, ಓದುಗನ ನೆನಪು. ಬಾಯಿಪಾಠವಾದ ಪದ್ಯವನ್ನು ಹುಡುಕಲು ಪುಟ ತಿರುವಬೇಕಾಗಿಲ್ಲ. ಬೇಕಾದಾಗ ನಾಲಗೆಯ ಮೇಲೆಯೇ ಬರುತ್ತದೆ. ಲಿಂಗಮಂತ್ರಿ ತನ್ನ ಕೃತಿಯನ್ನು ‘ಕೈಪಿಡಿ’ ಎಂದು ಕರೆದ. ಕೈಯಲ್ಲಿ ಹಿಡಿದುಕೊಳ್ಳುವಂಥದು ಎಂಬ ಆ ಮಾತು ಇಂದಿನ ಮೊಬೈಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಾದದ ಸಂಗತಿಯುಂಟು. ರನ್ನಕಂದ ನಮಗೆ ಪೂರ್ತಿಯಾಗಿ ಸಿಕ್ಕಿಲ್ಲ. ಕೆಲವೇ ಪದ್ಯಗಳು ಉಳಿದಿವೆ. ಅದೇ ಕವಿಯ ‘ಗದಾಯುದ್ಧ’ ಉಳಿಯಿತು, ‘ಅಜಿತಪುರಾಣ’ ಉಳಿಯಿತು. ತಾಳೆಗರಿಗೆ ಹುಳು ಹಿಡಿಯುವುದು ಎಲ್ಲ ಗ್ರಂಥಗಳಿಗೂ ಸಮಾನ. ನಮ್ಮ ಹವೆಯಲ್ಲಿ ಒಂದು ಓಲೆ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಆದ್ದರಿಂದ ಉಳಿದ ಗ್ರಂಥಗಳು ಉಳಿದದ್ದು ಗರಿಯ ಗಟ್ಟಿತನದಿಂದಲ್ಲ. ಮೂಲ ಶಿಥಿಲವಾಗುವ ಮುನ್ನ ಯಾರೋ ಒಬ್ಬರು ಕುಳಿತು ಇನ್ನೊಂದು ಪ್ರತಿ ಮಾಡಿದ್ದರಿಂದ. ಜೈನ ಬಸದಿಗಳಲ್ಲಿ, ವೀರಶೈವ ಮಠಗಳಲ್ಲಿ, ಊರ ಪಂಡಿತರ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಈ ಪ್ರತಿಕಾರ್ಯ ನಡೆಯಿತು. ಪ್ರತಿ ಮಾಡುವವರು ಇಲ್ಲದಾಗ ಪುಸ್ತಕ ಹೋಯಿತು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದಿನ ವಾದವೆಲ್ಲ ಇದನ್ನೇ ಆಶ್ರಯಿಸಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಿಘಂಟು ಎರಡನೆಯ ಮನೆಗೆ ಬಂದಿತು. ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿ ಅಚ್ಚಾಯಿತು. ಅದೇ ವರ್ಷ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, ಕಡೆಗೆ 1894ರಲ್ಲಿ ಮಂಗಳೂರಿನಿಂದ ತಮ್ಮ ಮಹಾಕೋಶವನ್ನು ಹೊರತಂದರು. ಸುಮಾರು 70,000 ಪದಗಳ ಗ್ರಂಥವದು. ಹಳಗನ್ನಡ ಕಾವ್ಯದ ಮಾತಿನ ಪಕ್ಕದಲ್ಲಿಯೇ ಸಂತೆಯ ಮಾತು, ಗಾದೆಯ ಮಾತು ಸಂಕೋಚವಿಲ್ಲದೆ ಕುಳಿತಿವೆ. ಪದ್ಯ ಹೋಗಿ ಅಕಾರಾದಿ ಬಂದಿತು. ಬಾಯಿಪಾಠ ಮಾಡುವ ಶಿಷ್ಯ ಬೇಕಾಗಲಿಲ್ಲ. ಅಕ್ಷರ ಬಲ್ಲ ಯಾರೇ ಆಗಲಿ ಪದವನ್ನು ಹುಡುಕಬಹುದಾಯಿತು. ನೆನಪಿನ ಶಕ್ತಿ ಕುಗ್ಗಿತೆಂದು ಅಂದಿನ ಹಿರಿಯರು ಕೊರಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಗಳಿಸಿದ್ದು ಕಳೆದುಕೊಂಡದ್ದಕ್ಕಿಂತ ಹೆಚ್ಚು.

ಕಿಟೆಲ್ ಕೋಶ ಇಂದಿಗೂ ನಮ್ಮ ನಡುವೆ ಇರುವುದೇಕೆ? ಕಾಗದ ಗಟ್ಟಿಯೆಂದೇ? ಅಲ್ಲ. 1894ರ ಮೂಲಪ್ರತಿಯನ್ನು ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಅಚ್ಚಿನ ಪ್ರತಿಗಳು ಒಂದೇ ಕಡೆ ಇರದೆ ಊರೂರುಗಳಲ್ಲಿ, ದೇಶಾಂತರಗಳಲ್ಲಿ ಹಂಚಿಹೋಗಿದ್ದವು. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದಾಗ ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿತು. ಇಂದು ಅದರ ಪುಟಗಳ ಛಾಯಾಪ್ರತಿ ಅಂತರಜಾಲದಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಓಲೆಯ ಕಾಲದ ನಿಯಮವೇ ಇಲ್ಲಿಯೂ ನಡೆದಿದೆ.

ಅಚ್ಚಿಗೆ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನೇ ನೋಡಿ. 1940ರ ದಶಕದಲ್ಲಿ ಕೈಗೊಂಡ ಕೆಲಸ; ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಡಿ.ಎಲ್. ನರಸಿಂಹಾಚಾರ್, ಜಿ. ವೆಂಕಟಸುಬ್ಬಯ್ಯ ಮೊದಲಾದ ವಿದ್ವಾಂಸರು ಆಯುಷ್ಯದ ದೊಡ್ಡ ಭಾಗವನ್ನು ಅದಕ್ಕೆ ಧಾರೆಯೆರೆದರು. ಶಾಸನಗಳಿಂದ ಹಿಡಿದು ಹೊಸ ಸಾಹಿತ್ಯದವರೆಗೆ ಪ್ರಯೋಗಗಳನ್ನು ಆಯ್ದು ಕೊಡುವ ಅದಕ್ಕೆ ಸಮನಾದುದು ಕನ್ನಡದಲ್ಲಿಲ್ಲ. ಆದರೆ ಕೊನೆಯ ಸಂಪುಟ ಹೊರಬಂದಾಗ ಮೊದಲನೆಯದಕ್ಕೆ 25 ವರ್ಷ ತುಂಬಿತ್ತು. ‘ಅಂತರಜಾಲ’ ಎಂಬ ಮಾತು ‘ಅ’ಕಾರದಿಂದ ಶುರುವಾಗುತ್ತದೆ; ಇಂದಿನ ಅರ್ಥದಲ್ಲಿ ಅದು 1970ರ ಅಚ್ಚಿನಲ್ಲಿ ಇರುವುದಾದರೂ ಹೇಗೆ? ಜೊತೆಗೆ, ಎಂಟು ಸಂಪುಟಗಳನ್ನು ಕೊಂಡು ಇರಿಸಿಕೊಳ್ಳುವ ಸಂಸಾರವಂದಿಗರು ಎಷ್ಟು ಮಂದಿ? ದೂರದ ತಾಲ್ಲೂಕಿನ ವಿದ್ಯಾರ್ಥಿ ಅದರ ಹೆಸರನ್ನು ಕೇಳಿದ್ದನೇ ಹೊರತು ಕಂಡಿರಲಿಲ್ಲ. ಅಚ್ಚಿನ ಪರವಾಗಿ ವಾದಿಸುವವರು ಈ ಹುಡುಗನನ್ನು ಮರೆಯಬಾರದು.

ಮೂರನೆಯ ಮನೆಯ ವಿಚಾರಕ್ಕೆ ಬರೋಣ. ಇದರ ಕಥೆ ಇಂಗ್ಲಿಷಿನಲ್ಲಿ ನಮಗಿಂತ ಮೊದಲು ನಡೆದಿದೆ. 1768ರಲ್ಲಿ ಎಡಿನ್‌ಬರೋ ನಗರದಲ್ಲಿ ಆರಂಭವಾದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ 1990ರಲ್ಲಿ ಅಮೆರಿಕವೊಂದರಲ್ಲಿಯೇ 1,20,000 ಕಟ್ಟು ಮಾರಾಟವಾಗಿತ್ತು. 2010ರ 32 ಸಂಪುಟಗಳ ಆವೃತ್ತಿಯನ್ನು 12,000 ಕಟ್ಟು ಮಾತ್ರ ಅಚ್ಚು ಹಾಕಿದರು. ಅದರಲ್ಲಿಯೂ 4,000 ಉಳಿದಿರುವಾಗಲೇ, 2012ರಲ್ಲಿ, ಇನ್ನು ಅಚ್ಚು ಇಲ್ಲವೆಂದು ಸಾರಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಇನ್ನೊಂದು ಅರ್ಧವಿದೆ. ಬ್ರಿಟಾನಿಕಾದ ವ್ಯಾಪಾರವನ್ನು ಕೆಡಿಸಿದ್ದೆಂದು ಹೆಸರಾದ ಮೈಕ್ರೋಸಾಫ್ಟ್ ಕಂಪನಿಯ ‘ಎನ್‌ಕಾರ್ಟಾ’ ಎಂಬ ವಿದ್ಯುನ್ಮಾನ ವಿಶ್ವಕೋಶ ಹುಟ್ಟಿದ್ದು 1993ರಲ್ಲಿ, ಮುಚ್ಚಿದ್ದು 2009ರಲ್ಲಿ. ಅಚ್ಚಿನ ಬ್ರಿಟಾನಿಕಾ 244 ವರ್ಷ ಬಾಳಿದರೆ ಅದನ್ನು ಸೋಲಿಸಿದ ಎನ್‌ಕಾರ್ಟಾ 16 ವರ್ಷ ಬಾಳಿತು. 1911ರ ಬ್ರಿಟಾನಿಕಾವನ್ನು ಇಂದು ಬಿಚ್ಚಿ ಓದಬಹುದು. ಅಂದಿನ ಎನ್‌ಕಾರ್ಟಾದ ತಟ್ಟೆಯನ್ನು ಇಂದಿನ ಯಂತ್ರಕ್ಕೆ ಹಾಕಿ ಓದುವುದು ಸುಲಭವಲ್ಲ.

ಕನ್ನಡದಲ್ಲಿಯೂ ಇಂತಹ ಅನುಭವ ನಮಗಾಗಿದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡವನ್ನು ಗಣಕಕ್ಕೆ ಇಳಿಸಿದಾಗ ಒಂದೊಂದು ತಂತ್ರಾಂಶದ್ದು ಒಂದೊಂದು ಸಂಕೇತ. ಅಂದು ಬೆರಳಚ್ಚಾದ ಎಷ್ಟೋ ಬರಹಗಳು, ಆಯಾ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ತೆರೆದರೆ, ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ನಿಲ್ಲುತ್ತವೆ. ಸಾವಿರ ವರ್ಷದ ಶಾಸನವನ್ನು ಓದಬಲ್ಲ ನಾವು ಮೂವತ್ತು ವರ್ಷದ ಕಡತವನ್ನು ಓದಲಾರದೆ ಕೂರುತ್ತೇವೆ! ಯೂನಿಕೋಡ್ ಬಂದ ಮೇಲೆ ಈ ಗೊಂದಲ ಬಹುಮಟ್ಟಿಗೆ ತೀರಿತು. ಆದರೂ ಅಲ್ಲೊಂದು ಸ್ವಾರಸ್ಯವುಂಟು: ಹಳಗನ್ನಡದ ‘ೞ’ ಅಕ್ಷರಕ್ಕೆ ಆ ಜಾಗತಿಕ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂದು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ಕಟ್ಟಳೆ. ಆದ್ದರಿಂದ ತಪ್ಪು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಂಟಿಸಿದ್ದಾರೆ. ನಮ್ಮ ಹಳೆಯ ಪುಸ್ತಕಗಳ ಕೊನೆಯಲ್ಲಿರುತ್ತಿದ್ದ ಒಪ್ಪೋಲೆಯ ಹೊಸ ಅವತಾರವಿದು.

ತರಗತಿಯಲ್ಲಿ ಈ ‘ೞ’ದ ಕಷ್ಟವನ್ನು ನಾನು ದಿನವೂ ಕಾಣುತ್ತೇನೆ. ‘ಅಳಿ’ ಎಂದರೆ ದುಂಬಿ. ‘ಅೞಿ’ ಎಂದರೆ ನಾಶವಾಗು. ವಿದ್ಯಾರ್ಥಿ ಮೊಬೈಲಿನಲ್ಲಿ ತನಗೆ ಗೊತ್ತಿರುವ ‘ಳ’ವನ್ನೇ ಒತ್ತುತ್ತಾನೆ, ಯಂತ್ರ ಕೇಳಿದ್ದನ್ನಷ್ಟೇ ಕೊಡುತ್ತದೆ. ಅಚ್ಚಿನ ಕೋಶದಲ್ಲಿ ಪದ ಹುಡುಕುವವನ ಕಣ್ಣು ಮೇಲೆ ಕೆಳಗೆ ಓಡಿ, ‘ಕಣ್’ ನೋಡಲು ಹೋದವನಿಗೆ ಅದರ ಬಂಧುಬಳಗವೆಲ್ಲ ಪರಿಚಯವಾಗುತ್ತಿತ್ತು. ಆದರೆ ಅದೇ ವಿದ್ಯಾರ್ಥಿ ಬಸ್ಸಿನಲ್ಲಿ ಕುಳಿತು ಒಂದು ಪದದ ಅರ್ಥವನ್ನು ಅರೆಕ್ಷಣದಲ್ಲಿ ಪಡೆಯುತ್ತಾನೆ. ಅವನ ತಂದೆಗೆ ಆ ಭಾಗ್ಯವಿರಲಿಲ್ಲ. ಎರಡೂ ನಿಜ. ಇವುಗಳಲ್ಲಿ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೊಗಳುವುದರಿಂದ ಪ್ರಯೋಜನವಿಲ್ಲ.

ಹಾಗಾದರೆ ಯಾವುದನ್ನು ನಂಬೋಣ? ಕಾಗದವನ್ನೋ ವಿದ್ಯುತ್ತನ್ನೋ ಎಂದು ಕೇಳುವುದಕ್ಕಿಂತ, ಪ್ರತಿ ಮಾಡಲು ಯಾರಿಗೆ ಅವಕಾಶವಿದೆ ಎಂದು ಕೇಳುವುದು ಮೇಲು. ಒಂದೇ ಕಂಪನಿಯ ಬೀಗದೊಳಗಿದ್ದ ಎನ್‌ಕಾರ್ಟಾ ಬೀಗದೊಂದಿಗೇ ಹೋಯಿತು. ಇದಕ್ಕೆ ಪ್ರತಿಯಾಗಿ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ–ಇಂಗ್ಲಿಷ್ ಕೋಶ 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಅಂತರಜಾಲಕ್ಕೆ ಬಂದಾಗ, ಯಾರು ಬೇಕಾದರೂ ಅದನ್ನು ಪ್ರತಿ ಮಾಡಿಕೊಳ್ಳಬಹುದೆಂಬ ಮುಕ್ತ ಪರವಾನಗಿಯೊಂದಿಗೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಇಂಥದೇ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಹಳೆಯ ಬಸದಿಯ ಲಿಪಿಕಾರನ ವಂಶ ಹೀಗೆ ಮುಂದುವರಿಯುತ್ತದೆ. ಇಂತಹ ಕೋಶ ಒಂದು ಯಂತ್ರದಲ್ಲಿ ಅಳಿದರೆ ಹತ್ತು ಯಂತ್ರಗಳಲ್ಲಿ ಇರುತ್ತದೆ.

ಆದ್ದರಿಂದ ಗ್ರಂಥಾಲಯಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೆ. ಗಣಕಯಂತ್ರಗಳು ಇರಲಿ, ಅವು ಬೇಕು. ಆದರೆ ಸಂಪುಟಗಳನ್ನು ಸಾಗಹಾಕುವ ಮೊದಲು, ಆ ಗ್ರಂಥವೇ ಪರದೆಯ ಮೇಲೆ ಪೂರ್ತಿಯಾಗಿ ದೊರೆಯುತ್ತದೆಯೇ, ಅದನ್ನು ಪ್ರತಿ ಮಾಡಿಡಲು ನಮಗೆ ಹಕ್ಕುಂಟೇ, ತಪ್ಪು ತಿದ್ದುವ ಸಂಪಾದಕರೊಬ್ಬರು ಇದ್ದಾರೆಯೇ ಎಂದು ವಿಚಾರಿಸಲಿ. ಮೂರಕ್ಕೂ ಹೌದೆಂಬ ಉತ್ತರ ಬಂದರೂ ಜಿಲ್ಲೆಗೊಂದು ಅಚ್ಚಿನ ಕಟ್ಟು ಬೆಳಕಿರುವ ಕಡೆಯಲ್ಲಿ ಇರಲಿ. ರನ್ನನ ನಿಘಂಟನ್ನು ಯಾರೂ ದ್ವೇಷದಿಂದ ನಾಶಮಾಡಲಿಲ್ಲ. ಇನ್ನೊಂದು ಪ್ರತಿ ಎಲ್ಲೋ ಇರಬಹುದೆಂದು ಎಲ್ಲರೂ ನಂಬಿಕೊಂಡಿದ್ದಿರಬೇಕು.